ದೋರಸಮುದ್ರದ ದಂಡೆಯಲ್ಲಿ ಅರ್ಧ ದಿನ

ಪ್ರಶ್ನೆ: ನಾವು ಹಾಸನದವರು. ನಮ್ಮ ಭಾವನವರ ಸಂಸಾರ ಮುಂಬೈನಲ್ಲಿದೆ. ನಾವು ಅಲ್ಲಿಗೆ ಹೋಗಿದ್ದಾಗ ಸಂಜೆ ಹೊತ್ತು ಮರೀನ್ ಡ್ರೈವ್‌ಗೆ ಕರೆದುಕೊಂಡು ಹೋಗಿ ಸಮುದ್ರದ ಪಕ್ಕದಲ್ಲಿ ನಡೆಸುತ್ತಿದ್ದರು. ಈಗ ದಸರಾ ರಜೆಗೆ ಅವರೇ ಇಲ್ಲಿಗೆ ಬರುತ್ತಿದ್ದಾರೆ. ಮಕ್ಕಳು ಫೋನಿನಲ್ಲಿ "ಚಿಕ್ಕಮ್ಮ, ನಿಮ್ಮೂರಲ್ಲಿ ನೀರಿನ ಪಕ್ಕ ನಡೆಯೋ ಅಂಥ ಜಾಗ ಇಲ್ವಾ?" ಅಂತ ಕೇಳಿದರು. ನನಗೆ ತಕ್ಷಣ ಏನೂ ಹೊಳೆಯಲಿಲ್ಲ. ಬೇಲೂರು, ಹಳೇಬೀಡಿಗೆ ಕಾರಿನಲ್ಲಿ ಹೋಗಿ ದೇವಸ್ಥಾನ ನೋಡಿಕೊಂಡು ಬಂದಿದ್ದೇವೆ, ಅಷ್ಟೇ. ಅರ್ಧ ದಿನ ನಡೆದು ನೋಡುವಂಥ ನೀರಿನ ದಂಡೆ ಹತ್ತಿರದಲ್ಲಿ ಎಲ್ಲಿದೆ? ನಮ್ಮ ಅತ್ತೆಗೆ ಎಪ್ಪತ್ತು ದಾಟಿದೆ, ಮಂಡಿ ನೋವು. ಅವರೂ ಬರಬೇಕು ಅಂತ ಆಸೆ. (ಒಬ್ಬ ಓದುಗರು, ಹಾಸನ)

ಉತ್ತರ: ನೀವು ನೋಡಿ ಬಂದ ಹಳೇಬೀಡಿಗೇ ಇನ್ನೊಂದು ಸಲ ಹೋಗಿ. ಈ ಸಲ ಕಾರನ್ನು ಒಂದು ಕಡೆ ನಿಲ್ಲಿಸಿ, ಕೆರೆಯನ್ನು ಜೊತೆಗಿಟ್ಟುಕೊಂಡು ನಡೆಯಿರಿ. ಹಾಸನದಿಂದ ಸುಮಾರು 30 ಕಿಲೋಮೀಟರ್. ಬಸ್ಸು ಬೇಕಾದಷ್ಟು ಇವೆ. ಇಳಿಯುವ ಜಾಗದಿಂದ ದೇವಸ್ಥಾನ ಕೂಗಳತೆಯಲ್ಲಿದೆ.

ಹಳೇಬೀಡು ಈಗ ಸಣ್ಣ ಊರು. ಆದರೆ ಮಕ್ಕಳಿಗೆ ಮೊದಲೇ ಒಂದು ವಿಷಯ ಹೇಳಿಬಿಡಿ. ಅವರು ನಡೆಯಲಿರುವುದು ಒಂದು ರಾಜಧಾನಿಯ ನೀರಿನ ದಂಡೆಯಲ್ಲಿ. ಹೊಯ್ಸಳರ ದೋರಸಮುದ್ರ ಇದೇ. ನಾವು ದ್ವಾರಸಮುದ್ರ ಅಂತಲೂ ಕರೆಯುತ್ತೇವೆ. ಕೆರೆಗೂ ಅದೇ ಹೆಸರು, ಪಟ್ಟಣಕ್ಕೂ ಅದೇ ಹೆಸರು. ಹೊಯ್ಸಳೇಶ್ವರ ದೇವಸ್ಥಾನದ ಕೆಲಸ ಶುರುವಾಗಿದ್ದು 1121ರಲ್ಲಿ, ವಿಷ್ಣುವರ್ಧನನ ಕಾಲದಲ್ಲಿ. ಕೆರೆ ಅದಕ್ಕಿಂತ ಹಳೆಯದು. ಮೊದಲು ನೀರು, ಆಮೇಲೆ ಊರು, ಆಮೇಲೆ ದೇವಸ್ಥಾನ. ನಾವು ಇದನ್ನು ಉಲ್ಟಾ ಮಾಡಿಕೊಂಡಿದ್ದೇವೆ. ದೇವಸ್ಥಾನ ನೋಡಲು ಹೋಗುತ್ತೇವೆ, ಕೆರೆಯ ಕಡೆ ಒಂದು ಫೋಟೋ ತೆಗೆದು ವಾಪಸ್ ಬರುತ್ತೇವೆ.

ಮುಂಬೈ ಮಕ್ಕಳಿಗೆ ಎರಡನ್ನೂ ಹೋಲಿಸಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಮರೀನ್ ಡ್ರೈವ್ ಸುಮಾರು 3.6 ಕಿಲೋಮೀಟರ್ ಉದ್ದ, ನರಿಮನ್ ಪಾಯಿಂಟ್‌ನಿಂದ ಗಿರ್ಗಾಂವ್ ಚೌಪಾಟಿ ದಾಟಿ ಮಲಬಾರ್ ಹಿಲ್ ಬುಡದವರೆಗೆ. ಅಲ್ಲಿ ಸಮುದ್ರವನ್ನು ಹಿಂದಕ್ಕೆ ತಳ್ಳಿ, ನೆಲ ಮಾಡಿಕೊಂಡು, ಅದರ ಅಂಚಿನಲ್ಲಿ ದಾರಿ ಕಟ್ಟಿದರು. ನಮ್ಮಲ್ಲಿ ನೆಲ ಮೊದಲೇ ಇತ್ತು, ನಿಂತ ನೀರು ಇರಲಿಲ್ಲ. ಹರಿದು ಹೋಗುತ್ತಿದ್ದ ನೀರನ್ನೇ ತಡೆದು ನಿಲ್ಲಿಸಿ ದಂಡೆ ಮಾಡಿಕೊಂಡರು. ಹಾಗಾಗಿ ಇಲ್ಲಿ ನಡೆಯುವಾಗ ಬರೀ ನೀರು ನೋಡಿದರೆ ಅರ್ಧ ನೋಡಿದಂತೆ. ಆ ನೀರು ಇಲ್ಲಿ ಯಾಕೆ ನಿಂತಿದೆ, ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಅನ್ನುವುದನ್ನೂ ನೋಡಬೇಕು.

ಬೇಲೂರು ಯಗಚಿ ಹೊಳೆಯ ದಡದಲ್ಲಿದೆ. ಹಳೇಬೀಡಿಗೆ ಅಂಥ ಹೊಳೆಯ ಆಸರೆ ಇಲ್ಲ. ಬೇಲೂರಿನಿಂದ ಬರೀ 16 ಕಿಲೋಮೀಟರ್ ದೂರ, ಆದರೆ ಆ ದಾರಿಯಲ್ಲೇ ಮಲೆನಾಡು ಸಡಿಲವಾಗಿ ಬಯಲುಸೀಮೆ ಶುರುವಾಗುತ್ತದೆ. ಕಾಫಿ ತೋಟ, ಗದ್ದೆ ಹಿಂದೆ ಸರಿದು ರಾಗಿ, ಜೋಳ, ಆಲೂಗಡ್ಡೆ ಹೊಲಗಳು ಬರುತ್ತವೆ. ಇಂಥ ಅರೆಮಲೆನಾಡಿನ ಅಂಚಿನಲ್ಲಿ ರಾಜಧಾನಿ ನಡೆಸಬೇಕಾದರೆ ಕೆರೆ ಬೇಕೇ ಬೇಕು. ಅರಮನೆಗೆ, ಸೈನ್ಯಕ್ಕೆ, ಆನೆ ಕುದುರೆಗೆ, ದೇವಸ್ಥಾನಗಳಿಗೆ, ಸಾವಿರಾರು ಮನೆಗಳಿಗೆ ನೀರು ಎಲ್ಲಿಂದ ಬರಬೇಕು, ಹೇಳಿ? ಯಗಚಿಯ ರಣಘಟ್ಟ ಒಡ್ಡಿನಿಂದ ಈ ಕೆರೆಗೆ ನೀರು ಹರಿಸಬೇಕು ಅನ್ನುವುದು ಹಳೇಬೀಡು ಭಾಗದ ರೈತರ ಬಹಳ ಕಾಲದ ಬೇಡಿಕೆ. ಅದಕ್ಕಾಗಿ ಹೋರಾಟ ಮಾಡಿದ್ದಾರೆ, ಯೋಜನೆಯೂ ಬಂದಿದೆ. ಒಂಬೈನೂರು ವರ್ಷ ಕಳೆದರೂ ಇಲ್ಲಿನ ಮಾತು ನೀರಿನ ಸುತ್ತಲೇ ತಿರುಗುತ್ತಿದೆ.

ಈಗ ನಡೆಯುವ ದಾರಿಗೆ ಬರೋಣ.

ಬೆಳಗ್ಗೆ ಬೇಗ ಹೋಗಿ. ಹಾಸನದಿಂದ ಆರು ಗಂಟೆಗೆ ಹೊರಟರೆ ಏಳರೊಳಗೆ ಅಲ್ಲಿರುತ್ತೀರಿ. ಟೂರಿಸ್ಟ್ ಬಸ್ಸುಗಳು ಬರುವುದು ಒಂಬತ್ತು, ಹತ್ತರ ಮೇಲೆ. ಶನಿವಾರ, ಭಾನುವಾರ ಬೇಡ. ಅದರಲ್ಲೂ ದಸರಾ ರಜೆಯಲ್ಲಿ ಜನ ಜಾಸ್ತಿ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೊರಗಿನವರೂ ಹೆಚ್ಚು ಬರುತ್ತಿದ್ದಾರೆ. ಶುಕ್ರವಾರ ಮ್ಯೂಸಿಯಂಗೆ ರಜೆ, ಅದನ್ನೂ ನೋಡಬೇಕು ಅಂತಿದ್ದರೆ ಆ ದಿನ ಬಿಡಿ.

ಮೊದಲು ದೇವಸ್ಥಾನದ ಆವರಣ. ಒಳಗೆ ಹೋದ ತಕ್ಷಣ ಗರ್ಭಗುಡಿಯ ಕಡೆ ಓಡಬೇಡಿ. ಹುಲ್ಲುಹಾಸಿನ ಮೇಲೆ ಒಂದು ಸುತ್ತು ಹಾಕಿ, ಕೆರೆ ಕಾಣುವ ಕಡೆ ನಿಲ್ಲಿ. ಮುಂದೆ ನೀರು, ಹಿಂದೆ ಗುಡಿ. ಅತ್ತೆಯವರಿಗೆ ಇಲ್ಲಿ ಕೂರಲು ಜಾಗ ಸಿಗುತ್ತದೆ, ನೆರಳಿದೆ, ನೆಲವೂ ಸಮವಾಗಿದೆ. ಅವರು ಬರೀ ಇಷ್ಟೇ ಮಾಡಿದರೂ ಬಂದದ್ದಕ್ಕೆ ಮೋಸವಿಲ್ಲ.

ಆಮೇಲೆ ಜಗಲಿ. ದೇವಸ್ಥಾನ ಎತ್ತರದ ಜಗಲಿಯ ಮೇಲೆ ನಿಂತಿದೆ, ಗೋಡೆಯ ಸುತ್ತ ಆರಾಮಾಗಿ ನಡೆಯುವಷ್ಟು ಅಗಲವಿದೆ. ಬಲಕ್ಕೆ ಸುತ್ತು ಬನ್ನಿ. ಚಪ್ಪಲಿ ಹೊರಗೆ ಬಿಡಬೇಕು. ಬೆಳಗ್ಗೆ ಕಲ್ಲು ತಂಪಾಗಿರುತ್ತದೆ, ಹನ್ನೊಂದರ ಮೇಲೆ ಕಾಲು ಸುಡುತ್ತದೆ. ಅತ್ತೆಯವರಿಗೆ ಒಂದು ಜೊತೆ ದಪ್ಪ ಕಾಲುಚೀಲ ಚೀಲದಲ್ಲಿ ಇಟ್ಟುಕೊಳ್ಳಿ.

ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು. ಇನ್ನೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕತೆಗಳು. ಅದರ ಮೇಲೆ ಮಕರ, ಅದರ ಮೇಲೆ ಹಂಸ. ಗೈಡ್‌ಗಳು ಆನೆಗಳನ್ನು ತೋರಿಸುತ್ತಾರೆ, ಒಂದರಂತೆ ಇನ್ನೊಂದಿಲ್ಲ ಅನ್ನುತ್ತಾರೆ. ಮಕ್ಕಳಿಗೆ ನೀವು ಮಕರ, ಹಂಸ ಹುಡುಕಲು ಹೇಳಿ. ಮಕರ ನೀರಿನ ಪ್ರಾಣಿ, ಹಂಸ ನೀರಿನ ಹಕ್ಕಿ. ಕೆರೆ ಪಕ್ಕದ ಗುಡಿಯ ಗೋಡೆಯಲ್ಲಿ ಅವುಗಳ ಸಾಲು ಉದ್ದಕ್ಕೂ ಹೋಗುತ್ತದೆ. ಬೇರೆ ಹೊಯ್ಸಳ ಗುಡಿಗಳಲ್ಲೂ ಈ ಸಾಲು ಇದೆ, ಈ ಕೆರೆಗಾಗಿಯೇ ಕೆತ್ತಿದ್ದು ಅಂತ ನಾನು ಹೇಳುವುದಿಲ್ಲ. ಆದರೆ ಇಲ್ಲಿ ತಲೆ ತಿರುಗಿಸಿದರೆ ನಿಜವಾದ ನೀರು ಕಾಣುತ್ತದೆ, ಮಕ್ಕಳಿಗೆ ಆ ಖುಷಿ ಸಿಗಲಿ.

ಇಷ್ಟು ಸೂಕ್ಷ್ಮವಾಗಿ ಕೆತ್ತಲು ಹೇಗೆ ಆಯಿತು ಅಂತ ಕೇಳಿದರೆ, ಕಲ್ಲಿನ ಗುಣ ಹೇಳಿ. ಇದು ಬಳಪದ ಕಲ್ಲು. ಭೂಮಿಯಿಂದ ತೆಗೆದಾಗ ಮೆತ್ತಗೆ, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿ.

ಆವರಣದಲ್ಲಿ ಒಂದು ಕಂಬವಿದೆ. ತುಂಬಾ ಜನ ಅದನ್ನು ದಾಟಿ ಹೋಗುತ್ತಾರೆ. ಅದು ಎರಡನೆಯ ಬಲ್ಲಾಳನ ದಂಡನಾಯಕ ಕುವರ ಲಕ್ಷ್ಮನ ಗರುಡಗಂಬ. ದೊರೆ ತೀರಿಕೊಂಡಾಗ ಅವನೂ ಅವನ ಜೊತೆಯವರೂ ತಾವೇ ಪ್ರಾಣ ಬಿಟ್ಟರು. ಕತ್ತಿ ಹಿಡಿದು ಕುತ್ತಿಗೆಗೆ ಒಡ್ಡಿಕೊಂಡವರ ಕೆತ್ತನೆ ಅದರ ಮೇಲಿದೆ. ಚಿಕ್ಕ ಮಕ್ಕಳಿಗೆ ಇದನ್ನು ವಿವರಿಸಬೇಕೋ ಬೇಡವೋ ನೀವೇ ನೋಡಿಕೊಳ್ಳಿ.

ದೇವಸ್ಥಾನ ಮುಗಿಸಿ ಹೆಚ್ಚಿನವರು ಕಾರು ಹತ್ತುತ್ತಾರೆ. ನಿಮ್ಮ ನಡಿಗೆ ನಿಜವಾಗಿ ಶುರುವಾಗುವುದು ಇಲ್ಲಿಂದ. ಬಸ್ತಿಹಳ್ಳಿಯ ಕಡೆ ಹೋಗುವ ದಾರಿ ಹಿಡಿಯಿರಿ. ಅರ್ಧ ಕಿಲೋಮೀಟರ್ ಆಸುಪಾಸು. ಅಲ್ಲಿ ಮೂರು ಜೈನ ಬಸದಿಗಳು ಒಂದೇ ಆವರಣದಲ್ಲಿವೆ. ದೊಡ್ಡದು ಪಾರ್ಶ್ವನಾಥ ಬಸದಿ, 1133ರದು. ವಿಷ್ಣುವರ್ಧನನ ದಂಡನಾಯಕ ಗಂಗರಾಜ, ಅವನ ಮಗ ಬೊಪ್ಪ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ದೊರೆಯ ಕೈ ಸೇರಿದಾಗ ಯುದ್ಧ ಗೆದ್ದ ಸಂಭ್ರಮವೂ ಇತ್ತು, ಮಗ ಹುಟ್ಟಿದ ಸಂಭ್ರಮವೂ ಇತ್ತು. ಹಾಗಾಗಿ ದೇವರಿಗೆ ವಿಜಯ ಪಾರ್ಶ್ವ ಅಂತ ಹೆಸರಿಟ್ಟರು. ಹೊರಗೋಡೆ ಸಾದಾ, ಹೊಯ್ಸಳೇಶ್ವರ ನೋಡಿ ಬಂದ ಕಣ್ಣಿಗೆ ಖಾಲಿ ಅನಿಸಬಹುದು. ಒಳಗೆ ಹೋಗಿ ಕಂಬಗಳ ಮುಂದೆ ನಿಲ್ಲಿ. ಕರಿ ಕಲ್ಲನ್ನು ತಿರುಗಿಸಿ ನುಣುಪು ಮಾಡಿದ್ದಾರೆ. ಬೆಳಕು ಸರಿಯಾಗಿ ಬಿದ್ದರೆ ನಿಮ್ಮ ಪ್ರತಿಬಿಂಬ ಅದರಲ್ಲಿ ಕಾಣುತ್ತದೆ. ಮಕ್ಕಳು ಇಲ್ಲಿ ಹೊತ್ತು ಕಳೆಯುತ್ತಾರೆ. ಅವಸರ ಮಾಡಬೇಡಿ.

ಅಲ್ಲಿಂದ ಇನ್ನೂ ಸ್ವಲ್ಪ ಮುಂದೆ ನಡೆದರೆ ಕೇದಾರೇಶ್ವರ. 1219ರ ಹೊತ್ತಿನದು, ಎರಡನೆಯ ಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ನನ್ನ ಮಟ್ಟಿಗೆ ಹಳೇಬೀಡಿನಲ್ಲಿ ಕುಳಿತುಕೊಳ್ಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಕ್ಷತ್ರದ ಹಾಗೆ ಮೂಲೆ ಮೂಲೆಯಾಗಿ ತಿರುಗುವ ಗೋಡೆ. ಹಿಂದೆ ಇದರ ಗೋಪುರದ ಮೇಲೆ ಮರ ಬೆಳೆದು, ಬೇರು ಇಳಿದು, ಕಲ್ಲುಗಳನ್ನು ಸೀಳಿಹಾಕಿತು. ಗೋಪುರ ಈಗ ಇಲ್ಲ. ಜನ ಕಡಿಮೆ, ಗಲಾಟೆ ಇಲ್ಲ, ಕೆರೆ ದೂರವಿಲ್ಲ. ಕಟ್ಟಿಕೊಂಡು ಹೋದ ತಿಂಡಿಯನ್ನು ಆವರಣದ ಹೊರಗೆ, ನೆರಳು ನೋಡಿ ತಿನ್ನಿ. ಎಲೆ, ಕಾಗದ, ಬಾಟಲಿ ಎಲ್ಲ ವಾಪಸ್ ಮನೆಗೆ ತನ್ನಿ. ಕೆರೆಯ ಅಂಚಿಗೆ ಎಸೆದದ್ದು ಗಾಳಿಗೆ ನೀರಿಗೇ ಹೋಗುತ್ತದೆ, ಆಮೇಲೆ ಗದ್ದೆಗೆ ನೀರು ಬಿಡುವ ತೂಬಿಗೆ ಸಿಕ್ಕಿಕೊಳ್ಳುತ್ತದೆ.

ಈ ದಾರಿ ಮರೀನ್ ಡ್ರೈವ್ ಹಾಗೆ ಕಲ್ಲು ಹಾಸಿದ ಸಲೀಸು ದಾರಿಯಲ್ಲ ಅಂತ ಮೊದಲೇ ತಿಳಿದಿರಲಿ. ನೀರಿನ ಅಂಚಿನಲ್ಲೇ ಉದ್ದಕ್ಕೂ ಕಟ್ಟೆ ಇಲ್ಲ. ಕೆಲವು ಕಡೆ ಊರಿನ ರಸ್ತೆ, ಕೆಲವು ಕಡೆ ಹೊಲದ ಬದು, ಕೆಲವು ಕಡೆ ಕೆರೆ ಮರೆಯಾಗಿ ಮತ್ತೆ ಕಾಣುತ್ತದೆ. ನನಗೆ ಅದೇ ಇಷ್ಟ. ದಾರಿಯಲ್ಲಿ ಬಟ್ಟೆ ಒಗೆಯುವವರು, ಎಮ್ಮೆ ಮೈ ತೊಳೆಯುವವರು, ಗಾಳ ಹಾಕಿ ಕೂತ ಹುಡುಗರು ಸಿಗುತ್ತಾರೆ. ಅವರ ಜೊತೆ ನಿಂತು ಮಾತಾಡಿ. ಕೆರೆ ಯಾವ ವರ್ಷ ತುಂಬಿತ್ತು, ಯಾವ ವರ್ಷ ಒಣಗಿತ್ತು ಅನ್ನುವುದು ಅವರಿಗೆ ಬಾಯಿಪಾಠ.

ಅತ್ತೆಯವರನ್ನು ಪೂರ್ತಿ ನಡೆಸಬೇಡಿ. ಒಬ್ಬರು ಕಾರು ತೆಗೆದುಕೊಂಡು ಮುಂದೆ ಹೋಗಲಿ. ಹೊಯ್ಸಳೇಶ್ವರದಲ್ಲಿ ಹುಲ್ಲುಹಾಸು, ಬಸದಿಯಲ್ಲಿ ಒಳಗಿನ ತಂಪು, ಕೇದಾರೇಶ್ವರದಲ್ಲಿ ನೆರಳು. ಈ ಮೂರು ಕಡೆ ಅವರು ಇಳಿದರೆ ಸಾಕು. ನಡುವಿನ ದಾರಿ ಮಕ್ಕಳಿಗೆ, ನಿಮಗೆ. ಒಟ್ಟು ನಡಿಗೆ ಏನೂ ದೊಡ್ಡದಲ್ಲ. ನಿಂತು ನೋಡುವುದಕ್ಕೇ ಹೊತ್ತು ಹಿಡಿಯುವುದು.

ಇನ್ನು ಕೆರೆಯನ್ನು ನೋಡುವುದು ಹೇಗೆ ಅನ್ನುವ ವಿಷಯ. ನನಗೆ ಬಹಳ ಮುಖ್ಯ ಅನಿಸುವುದು ಇದೇ, ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ. ಇದು ಹಳೇಬೀಡಿಗೆ ಮಾತ್ರ ಅಲ್ಲ, ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಯಾವ ಕೆರೆಗಾದರೂ ಸರಿ. ಹಾಸನದಿಂದ ಹಳೇಬೀಡಿಗೆ ಹೋಗುವಾಗ ದಾರಿಯಲ್ಲಿ ಸಿಗುವ ಊರ ಕೆರೆಗಳಲ್ಲೂ ಇಳಿದು ನೋಡಬಹುದು.

ಕೆರೆಗೆ ಎರಡು ಮುಖ. ಏರಿಯ ಮೇಲೆ, ಅಂದರೆ ನೀರು ತಡೆದ ಮಣ್ಣಿನ ಕಟ್ಟೆಯ ಮೇಲೆ ನಿಂತಾಗ ಒಂದು ಕಡೆ ನೀರು, ಇನ್ನೊಂದು ಕಡೆ ಅಚ್ಚುಕಟ್ಟು, ಅಂದರೆ ಆ ನೀರು ಹರಿಯುವ ಗದ್ದೆ ತೋಟ. ಎಲ್ಲರೂ ನೀರಿನ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಒಮ್ಮೆ ತಿರುಗಿ ನಿಲ್ಲಿ. ಅಚ್ಚುಕಟ್ಟಿನ ನೆಲ ಕೆರೆಯ ನೀರಿಗಿಂತ ಕೆಳಗಿರುತ್ತದೆ. ಬುಡದಲ್ಲಿ ನಿಂತ ತೆಂಗಿನ ಮರಗಳ ಸುಳಿ ನಿಮ್ಮ ಕಣ್ಣಿನ ಮಟ್ಟಕ್ಕೆ ಬಂದಿರುತ್ತದೆ. ಇಷ್ಟು ನೀರನ್ನು ಇಷ್ಟು ಎತ್ತರದಲ್ಲಿ ಹಿಡಿದಿಟ್ಟಿರುವುದು ಬರೀ ಮಣ್ಣು ಅನ್ನುವುದು ಆಗ ಮೈಗೆ ಹತ್ತುತ್ತದೆ. ಪಂಪು ಇಲ್ಲ, ಕರೆಂಟು ಇಲ್ಲ. ಇಳಿಜಾರೇ ನೀರನ್ನು ಗದ್ದೆಗೆ ಒಯ್ಯುತ್ತದೆ.

ಏರಿಯ ಒಳಮೈ ನೋಡಿ. ನೀರು ತಾಗುವ ಕಡೆ ಕಲ್ಲು ಜೋಡಿಸಿರುತ್ತಾರೆ. ಮಳೆಗಾಲದ ಗಾಳಿಗೆ ಕೆರೆಯಲ್ಲೂ ಅಲೆ ಏಳುತ್ತದೆ. ಆ ಅಲೆ ದಿನಾ ನೆಕ್ಕಿ ನೆಕ್ಕಿ ಮಣ್ಣು ತಿನ್ನದಿರಲಿ ಅಂತ ಈ ಕಲ್ಲುಕಟ್ಟು. ನಿಮ್ಮ ಮುಂಬೈ ಮಕ್ಕಳು ಮರೀನ್ ಡ್ರೈವ್ ಅಂಚಿನಲ್ಲಿ ನಾಲ್ಕು ಕಾಲಿನ ದೊಡ್ಡ ಕಾಂಕ್ರೀಟ್ ಗಟ್ಟಿಗಳನ್ನು ನೋಡಿರುತ್ತಾರೆ. ಟೆಟ್ರಾಪಾಡ್ ಅನ್ನುತ್ತಾರೆ. ಅವುಗಳ ಕೆಲಸವೂ ಅಲೆಯ ಪೆಟ್ಟು ತಡೆಯುವುದೇ. ಏರಿಯ ಮೇಲೆ ದೊಡ್ಡ ಮರ ಬೆಳೆಯಲು ಬಿಡುವುದಿಲ್ಲ. ಬೇರು ಸತ್ತರೆ ಅಲ್ಲೊಂದು ತೂತು ಉಳಿಯುತ್ತದೆ, ನೀರಿಗೆ ಅಷ್ಟು ಸಾಕು. ಇಲಿ, ಹೆಗ್ಗಣದ ಬಿಲಕ್ಕೂ ಅದಕ್ಕೇ ಹೆದರುವುದು.

ಆಮೇಲೆ ತೂಬು ಹುಡುಕಿ. ಹಳೆಯ ತೂಬಿನಲ್ಲಿ ಎರಡು ಕಲ್ಲುಕಂಬಗಳು ನೀರಿನಲ್ಲಿ ನಿಂತಿರುತ್ತವೆ. ನಡುವೆ ಅಡ್ಡ ಹಾಸುಗಲ್ಲುಗಳು, ಅವುಗಳಲ್ಲಿ ತೂತು. ಆ ತೂತಿನ ಮೂಲಕ ಇಳಿದ ಕೋಲಿನ ತುದಿಯಲ್ಲಿ ಬಿರಡೆ. ಕೋಲು ಎತ್ತಿದರೆ ಏರಿಯ ಅಡಿಯಿಂದ ನೀರು ಕಾಲುವೆಗೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ಎತ್ತುವ ಹಕ್ಕು ನೀರುಗಂಟಿಯದು. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಲೆಕ್ಕ. ಈಗ ತುಂಬಾ ಕಡೆ ಕಬ್ಬಿಣದ ಗೇಟು, ತಿರುಗಿಸುವ ಚಕ್ರ ಬಂದಿದೆ. ಹಳೆಯ ಕಂಬ ಉಳಿದಿದ್ದರೆ ಮಕ್ಕಳಿಗೆ ತೋರಿಸಿ. ಅದನ್ನೂ ಕೆತ್ತಿ ಅಂದ ಮಾಡಿದ ಕೆರೆಗಳಿವೆ. ಮುಕ್ಕಾಲು ಪಾಲು ನೀರಿನಲ್ಲಿ ಮುಳುಗಿರುವ ಕಂಬಕ್ಕೂ ಅಷ್ಟು ಆಸ್ಥೆ ತೋರಿಸಿದವರ ಬಗ್ಗೆ ನನಗೆ ತುಂಬಾ ಗೌರವ.

ಮೂರನೆಯದು ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೋಗುವ ದಾರಿ. ಕೋಡಿಯ ಮಟ್ಟ ಏರಿಗಿಂತ ತಗ್ಗು. ಅದಿಲ್ಲದಿದ್ದರೆ ನೀರು ಏರಿಯ ಮೇಲೆಯೇ ಹತ್ತಿ ಹರಿದು, ಒಂದು ರಾತ್ರಿಯಲ್ಲಿ ಕೆರೆ ಒಡೆಯುತ್ತದೆ. ಕೋಡಿ ಬಿದ್ದ ಕೆರೆಗೆ ಊರವರು ಬಾಗಿನ ಕೊಡುತ್ತಾರೆ. ಕೋಡಿಯ ನೀರು ಸುಮ್ನೆ ಹೋಗುವುದಿಲ್ಲ, ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ ಸೇರುತ್ತದೆ. ಅದು ತುಂಬಿದರೆ ಇನ್ನೊಂದಕ್ಕೆ. ಸರಪಳಿಯ ಹಾಗೆ ಒಂದಕ್ಕೊಂದು ಕೊಂಡಿ. ಮೇಲಿನ ಕೆರೆಯ ಹಳ್ಳ ಮುಚ್ಚಿ ಸೈಟು ಮಾಡಿದರೆ ಕೆಳಗಿನ ಕೆರೆ ಯಾಕೆ ಒಣಗುತ್ತದೆ ಅನ್ನುವುದು ಕೋಡಿಯ ಹತ್ತಿರ ನಿಂತರೆ ಯಾರಿಗಾದರೂ ತಿಳಿಯುತ್ತದೆ.

ನಮ್ಮ ಹಿಂದಿನವರು ಕೆರೆ ಕಟ್ಟಿ ಕೈ ತೊಳೆದುಕೊಳ್ಳಲಿಲ್ಲ. ಕೆರೆ ಕಟ್ಟಿದವರಿಗೆ, ದುರಸ್ತಿ ಮಾಡಿದವರಿಗೆ ಭೂಮಿ ಬಿಟ್ಟುಕೊಡುತ್ತಿದ್ದರು. ಶಾಸನಗಳಲ್ಲಿ ಕಟ್ಟುಕೊಡಗೆ, ಕೆರೆಗೊಡಗೆ, ಬಿತ್ತುವಟ್ಟ ಅಂತ ಇಂಥ ದತ್ತಿಗಳ ಹೆಸರು ಮತ್ತೆ ಮತ್ತೆ ಬರುತ್ತವೆ. ಹೂಳು ತೆಗೆಯುವ ಬಂಡಿ, ಅದನ್ನು ಎಳೆಯುವ ಕೋಣ, ಅದರ ಖರ್ಚು ಎಲ್ಲಕ್ಕೂ ವ್ಯವಸ್ಥೆ ಮಾಡಿದ ಶಾಸನಗಳಿವೆ. ಅಂದರೆ ಹೂಳು ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ತೆಗೆಯಬೇಕು ಅನ್ನುವುದು ಅವರಿಗೆ ಗೊತ್ತಿತ್ತು. ನಾವು ಕೆರೆಯ ಸುತ್ತ ಬೇಲಿ, ಬೆಂಚು, ದೀಪ ಹಾಕುತ್ತೇವೆ. ಹಾಕಲಿ, ಬೇಡ ಅನ್ನುವುದಿಲ್ಲ. ಆದರೆ ಹೂಳು ತೆಗೆಯದೆ, ನೀರು ಬರುವ ಹಳ್ಳ ಬಿಡಿಸದೆ ಹಾಕಿದ ಬೆಂಚಿನ ಮುಂದೆ ಕೆಲವು ವರ್ಷಕ್ಕೆ ಬರೀ ಜೊಂಡು ಉಳಿಯುತ್ತದೆ.

ಹಕ್ಕಿಗಳ ಬಗ್ಗೆ ಎರಡು ಮಾತು. ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ನಾಮದ ಕೋಳಿ, ಗುಳುಮುಳುಕ ಇವು ಸಾಮಾನ್ಯವಾಗಿ ಕಾಣುತ್ತವೆ. ಗುಳುಮುಳುಕ ಮುಳುಗಿದಾಗ ಎಲ್ಲಿ ಏಳುತ್ತದೆ ಅಂತ ಮಕ್ಕಳು ಪಂದ್ಯ ಕಟ್ಟಲಿ. ದುರ್ಬೀನು ಇದ್ದರೆ ತನ್ನಿ.

ಕೇದಾರೇಶ್ವರ ಮುಗಿಯುವ ಹೊತ್ತಿಗೆ ಹತ್ತೂವರೆ, ಹನ್ನೊಂದು ಆಗಿರುತ್ತದೆ. ಬಿಸಿಲು ಏರಿರುತ್ತದೆ. ಎಳನೀರು ಕುಡಿದು ಕಾರು ಹತ್ತಿ, ಹತ್ತಿರದ ಹುಲಿಕೆರೆಗೆ ಹೋಗಿ. ಅಲ್ಲೊಂದು ಹೊಯ್ಸಳರ ಕಾಲದ ಕಲ್ಯಾಣಿ ಇದೆ. ನಾಲ್ಕೂ ಕಡೆ ಮೆಟ್ಟಿಲು, ಮೆಟ್ಟಿಲ ನಡುವೆ ಪುಟ್ಟ ಪುಟ್ಟ ಗುಡಿಗಳು. ಊರಿನ ನಡುವೆ ಇಂಥದ್ದೊಂದು ಇದೆ ಅಂತ ಹೊರಗಿನವರಿಗೆ ಗೊತ್ತೇ ಇಲ್ಲ. ಬೆಳಗ್ಗೆಯಿಂದ ದೊಡ್ಡ ಕೆರೆ ನೋಡಿದವರಿಗೆ ನೀರನ್ನು ಇನ್ನೊಂದು ರೀತಿ ಹಿಡಿದದ್ದು ಇಲ್ಲಿ ಕಾಣುತ್ತದೆ. ಮೆಟ್ಟಿಲು ಕಡಿದಾಗಿವೆ, ಪಾಚಿ ಇದ್ದರೆ ಜಾರುತ್ತವೆ. ಮಕ್ಕಳ ಕೈ ಬಿಡಬೇಡಿ. ಅತ್ತೆಯವರು ಮೇಲಿನಿಂದಲೇ ನೋಡಲಿ.

ಅದೇ ದಿನ ಬೇಲೂರನ್ನೂ ಸೇರಿಸಬೇಡಿ. ಎಲ್ಲರೂ ಸೇರಿಸುತ್ತಾರೆ, ಎರಡನ್ನೂ ಓಡುತ್ತಾ ನೋಡುತ್ತಾರೆ. ಬೇಲೂರಿಗೆ ಇನ್ನೊಂದು ದಿನ ಹೋಗಿ, ಚೆನ್ನಕೇಶವನನ್ನು ನೋಡಿ, ಸಂಜೆ ವಿಷ್ಣುಸಮುದ್ರ ಕೆರೆಯ ಕಡೆ ಕಾಲಾಡಿಸಿ. ಬೋಟಿಂಗ್ ಬೇಕು ಅಂತ ಮಕ್ಕಳು ಹಟ ಮಾಡಿದರೆ ಊರ ಹತ್ತಿರವೇ ಯಗಚಿ ಜಲಾಶಯ ಇದೆ.

ಹಾಸನ ಊರೊಳಗೇ ಬೇಕು ಅಂದರೆ ಹುಣಸಿನಕೆರೆ, ಸತ್ಯಮಂಗಲ ಕೆರೆ ಇವೆ. ದಿನದ ವಾಕಿಂಗ್‌ಗೆ ಸರಿ. ಊರಿನ ಕೆರೆಗಳ ಪಕ್ಕ ಜನ ನಡೆದಾಡುತ್ತಿದ್ದರೆ ಅವುಗಳ ಮೇಲೆ ಕಣ್ಣಿಟ್ಟಂತೆಯೂ ಆಗುತ್ತದೆ, ದಯವಿಟ್ಟು ಹೋಗುತ್ತಿರಿ. ಆದರೆ ದೂರದಿಂದ ಬಂದವರಿಗೆ ಅರ್ಧ ದಿನ ತೋರಿಸಲು ಹಳೇಬೀಡೇ ಸರಿ.

ಶೆಟ್ಟಿಹಳ್ಳಿಯ ಮುಳುಗುವ ಚರ್ಚಿನ ಫೋಟೋ ಮಕ್ಕಳು ಫೋನಿನಲ್ಲಿ ನೋಡಿರಬಹುದು, ಅಲ್ಲಿಗೆ ಹೋಗೋಣ ಅನ್ನಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು. ಗೊರೂರಿನಲ್ಲಿ 1979ರ ಹೊತ್ತಿಗೆ ಹೇಮಾವತಿ ಅಣೆಕಟ್ಟು ಮುಗಿದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಪೂರ್ತಿ ಕಾಣುತ್ತದೆ. ದಸರಾ ಹೊತ್ತಿಗೆ ನೀರು ಇರುತ್ತದೆ, ದಡದಿಂದ ನೋಡಿ ಬರಬೇಕು ಅಷ್ಟೇ. ನೀರು ಇಳಿದಾಗ ಹೋದರೂ ಗೋಡೆಯ ಪಕ್ಕ ನಿಲ್ಲಬೇಡಿ, ಶಿಥಿಲವಾಗಿದೆ. ಹಿನ್ನೀರಿನ ಅಂಚಿನ ಕೆಸರು ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿ ಇರುತ್ತದೆ, ಕಾಲು ಹೂತುಕೊಳ್ಳುತ್ತದೆ.

ಏರಿಯ ಮೇಲೆ ಉದ್ದಕ್ಕೆ ನಡೆಯಬೇಕು ಅನ್ನುವ ಆಸೆ ಹತ್ತಿದರೆ ಚಿಕ್ಕಮಗಳೂರು ಕಡೆಯ ಅಯ್ಯನಕೆರೆಗೆ ಬೇರೆ ದಿನ ಇಟ್ಟುಕೊಳ್ಳಿ. ಚಿಕ್ಕಮಗಳೂರಿನಿಂದ ಕಡೂರು ರಸ್ತೆಯಲ್ಲಿ ಸಖರಾಯಪಟ್ಟಣ, ಅದರ ಹತ್ತಿರ. ಶಕುನಗಿರಿಯ ಬುಡದಲ್ಲಿ, ಗುಡ್ಡಗಳ ನಡುವೆ ಕೂತಿರುವ ದೊಡ್ಡ ಕೆರೆ. 1156ರಲ್ಲಿ ಹೊಯ್ಸಳರ ಕಾಲದಲ್ಲಿ ದುರಸ್ತಿಯಾಯಿತು ಅಂದರೆ ಕಟ್ಟಿದ್ದು ಅದಕ್ಕೂ ಹಿಂದೆ. ನಾನು ಮೇಲೆ ಹೇಳಿದ ಏರಿ, ತೂಬು, ಕೋಡಿ ಎಲ್ಲ ಇಲ್ಲಿ ದೊಡ್ಡ ಅಳತೆಯಲ್ಲಿ ಸಿಗುತ್ತವೆ. ಇಲ್ಲಿಂದ ಹೊರಡುವ ವೇದಾ ಹಳ್ಳ ಕಡೂರಿನ ಹತ್ತಿರ ಆವತಿಯ ಜೊತೆ ಸೇರಿ ವೇದಾವತಿ ಆಗುತ್ತದೆ, ಹಿರಿಯೂರಿನ ಹತ್ತಿರ ವಾಣಿವಿಲಾಸ ಸಾಗರ ತುಂಬುತ್ತದೆ. ಮುಂದೆ ತುಂಗಭದ್ರೆಗೆ ಸೇರುತ್ತದೆ. ಬೇಲೂರಿನ ಯಗಚಿಯೋ ಹೇಮಾವತಿ ಸೇರಿ ಕಾವೇರಿಗೆ ಹೋಗುತ್ತದೆ. ಒಂದೇ ಸೀಮೆಯ ಮಳೆ, ಒಂದು ಕೃಷ್ಣೆಯ ಕಡೆ, ಇನ್ನೊಂದು ಕಾವೇರಿಯ ಕಡೆ. ಮಕ್ಕಳಿಗೆ ನಕ್ಷೆ ಕೊಟ್ಟು ಬೆರಳಿಟ್ಟು ಹುಡುಕಲು ಹೇಳಿ.

ಯಾವ ಕೆರೆಗೆ ಹೋದರೂ ನೀರಿಗೆ ಇಳಿಯಬೇಡಿ. ಈಜು ಬರುವವರೇ ಕೆರೆಗಳಲ್ಲಿ ಮುಳುಗಿ ಸತ್ತಿದ್ದಾರೆ. ಕೆಳಗೆ ಹೂಳು, ಬಳ್ಳಿ, ಮಣ್ಣು ತೆಗೆದ ಗುಂಡಿ ಎಲ್ಲಿದೆ ಅಂತ ಮೇಲಿನಿಂದ ಕಾಣುವುದಿಲ್ಲ. ಕೋಡಿ ಹರಿಯುವಾಗ ಅದರ ಮೇಲೆ ನಿಂತು ಫೋಟೋ ಬೇಡವೇ ಬೇಡ. ಪಾಚಿ ಹಿಡಿದ ಕಲ್ಲಿನ ಮೇಲೆ ಪಾದ ಮುಳುಗುವಷ್ಟು ನೀರು ಹರಿದರೂ ಕಾಲು ನಿಲ್ಲುವುದಿಲ್ಲ. ಹುಲ್ಲು ಬೆಳೆದ ಕಡೆ ಹಾವಿನ ಭಯ, ಮಕ್ಕಳಿಗೆ ಶೂ ಹಾಕಿಸಿ.

ಕೊನೆಗೆ, ಈ ವರ್ಷ ಮಳೆ ಕೈಕೊಟ್ಟು ಕೆರೆಯಲ್ಲಿ ನೀರೇ ಇಲ್ಲದಿದ್ದರೆ? ಹಳೇಬೀಡಿನ ಕೆರೆ ಒಣಗಿದ ವರ್ಷಗಳೂ ಇವೆ. ಆಗಲೂ ಹೋಗಿ. ನೀರಿಲ್ಲದಾಗ ಕೆರೆಯ ಅಂಗಳ ಎಷ್ಟು ದೊಡ್ಡದು ಅಂತ ಕಾಣುತ್ತದೆ. ಮುಳುಗಿದ್ದ ಕಲ್ಲುಕಟ್ಟು ಬುಡದವರೆಗೆ ಕಾಣುತ್ತದೆ. ಎಲ್ಲಿ ಹೂಳು ತುಂಬಿದೆ, ಎಲ್ಲಿಂದ ಹಳ್ಳ ಬಂದು ಸೇರುತ್ತದೆ ಅನ್ನುವುದು ಬಿಡಿಸಿ ಇಟ್ಟ ಹಾಗೆ ಇರುತ್ತದೆ. ಬಿರಿದ ಮಣ್ಣಿನ ಮೇಲೆ ನಡುವಿಗೆ ಹೋಗದೆ ಅಂಚಿನಲ್ಲೇ ನಡೆಯಿರಿ. ಹೊರಡುವ ಹಿಂದಿನ ದಿನ ಹಳೇಬೀಡಿನಲ್ಲಿ ಪರಿಚಯದವರು ಯಾರಾದರೂ ಇದ್ದರೆ ಫೋನ್ ಮಾಡಿ, ನೀರು ಎಷ್ಟಿದೆ ಕೇಳಿ. ಅರ್ಧಕ್ಕಿಂತ ಹೆಚ್ಚಿದ್ದರೆ ಬೆಳಗ್ಗೆ ಹೋಗಿ. ಕಡಿಮೆ ಇದ್ದರೆ ಮಧ್ಯಾಹ್ನ ಮೂರರ ಮೇಲೆ ಹೋದರೂ ನಡೆಯುತ್ತದೆ, ಹೊಯ್ಸಳೇಶ್ವರದ ಪಶ್ಚಿಮದ ಗೋಡೆಯ ಮೇಲೆ ಆಗ ಬೆಳಕು ಚೆನ್ನಾಗಿ ಬೀಳುತ್ತದೆ.